ಕೌನ್ಸಿಲ್‌ನ ರಸ್ತೆ ತಪಾಸಣೆ: ಆಳ ಅಳೆಯುತ್ತಾರೆ, ಜಾಗ ನೋಡುವುದು ಕಮ್ಮಿ

ಇಂಗ್ಲೆಂಡಿನ ನಮ್ಮ ಸ್ಥಳೀಯ ಆಡಳಿತವಾದ ಕೌಂಟಿ ಕೌನ್ಸಿಲ್‌ನ ರಸ್ತೆ ತಪಾಸಣೆ ಮತ್ತು ರಿಪೇರಿ ಸೇವೆಯ ಬಗ್ಗೆ ಈ ರಿವ್ಯೂ. ಹೋಟೆಲು, ಗ್ಯಾರೇಜು, ಡೆಂಟಿಸ್ಟು ಎಲ್ಲದಕ್ಕೂ ರಿವ್ಯೂ ಬರೆಯುತ್ತೇವೆ. ತಿಂಗಳು ತಿಂಗಳು ಕೌನ್ಸಿಲ್ ಟ್ಯಾಕ್ಸ್ ಕಟ್ಟಿ, ಹೊಸ್ತಿಲು ದಾಟಿದ ಕ್ಷಣದಿಂದ ಬಳಸುವ ಈ ಸೇವೆಗೆ ಮಾತ್ರ ಯಾರೂ ಬರೆಯುವುದಿಲ್ಲ. ಬರೆದರೂ ಒಂದು ಗುಂಡಿಯ ಫೋಟೋ ಹಾಕಿ, ನಾಲ್ಕು ಮಾತು ಬೈದು ಮುಗಿಸುತ್ತಾರೆ. ಅದರಿಂದ ಓದುವವರಿಗೂ ಉಪಯೋಗವಿಲ್ಲ, ಕೌನ್ಸಿಲ್‌ಗೂ ಇಲ್ಲ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ರಸ್ತೆ ನೋಡುವ ಕೆಲಸವನ್ನು ಇವರು ನಿಷ್ಠೆಯಿಂದ ಮಾಡುತ್ತಾರೆ. ರಿಪೇರಿ ಒಮ್ಮೆ ಬಹಳ ಚೆನ್ನಾಗಿರುತ್ತದೆ, ಒಮ್ಮೆ ಕಣ್ಣೊರೆಸುವಂತಿರುತ್ತದೆ. ಯಾವುದು ಅಪಾಯ, ಯಾವುದು ಅಲ್ಲ ಎಂದು ತೀರ್ಮಾನಿಸುವಾಗ ಮಾತ್ರ ಗುಂಡಿಯ ಆಳಕ್ಕೆ ಕೊಡುವ ಬೆಲೆಯನ್ನು ಗುಂಡಿ ಇರುವ ಜಾಗಕ್ಕೆ ಕೊಡುವುದಿಲ್ಲ. ನನ್ನ ತಕರಾರೆಲ್ಲ ಅದೊಂದೇ.

ನಾನು ಇಂಗ್ಲೆಂಡಿನಲ್ಲಿ ಡ್ರೈವಿಂಗ್ ಹೇಳಿಕೊಡುವವಳು. ಇಲ್ಲಿಗೆ ಹೊಸದಾಗಿ ಬಂದ ಕನ್ನಡದವರೂ ನನ್ನ ಹತ್ತಿರ ಕಲಿಯಲು ಬರುತ್ತಾರೆ. ಸ್ಟಿಯರಿಂಗ್ ಬಲಕ್ಕಿರುವ ಗಾಡಿಯಲ್ಲಿ ಇನ್‌ಸ್ಟ್ರಕ್ಟರ್ ಕೂರುವುದು ಎಡಗಡೆ, ಅಂದರೆ ರಸ್ತೆಯಂಚಿನ ಕರ್ಬ್ ಕಲ್ಲಿನ ಪಕ್ಕದಲ್ಲಿ. ರಸ್ತೆ ಹಾಳಾಗಲು ಶುರುವಾಗುವುದೂ ಅಲ್ಲಿಂದಲೇ. ನೀರು ನಿಲ್ಲುವುದು, ಅಂಚು ಮುರಿಯುವುದು, ಚರಂಡಿ ಜಾಲರಿ ಕುಸಿಯುವುದು, ಎಲ್ಲ ನನ್ನ ಕಿಟಕಿಯ ಕೆಳಗೇ. ಹೊಸಬರು ಅಂಜಿಕೆಯಿಂದ ಎಡಕ್ಕೆ ಅಂಟಿಕೊಂಡೇ ಓಡಿಸುವುದರಿಂದ ಒಂದು ಗುಂಡಿಯೂ ತಪ್ಪುವುದಿಲ್ಲ. ಅದೇ ರಸ್ತೆಗಳಲ್ಲಿ ವಾರವಾರ, ಮಳೆಗಾಲ ಚಳಿಗಾಲವೆನ್ನದೆ ಸುತ್ತುವ ನನಗೆ ಯಾವ ಬಿರುಕು ಯಾವಾಗ ಬಾಯಿ ಬಿಟ್ಟಿತು ಎಂದು ಹೇಳಲು ಬರುತ್ತದೆ.

ಮೊದಲು ಯಾವ ರಸ್ತೆ ಯಾರದ್ದು ಎಂದು ತಿಳಿದಿರಲಿ. ಬಹಳ ಜನರ ದೂರು ತಪ್ಪು ಬಾಗಿಲು ತಟ್ಟಿ ವಾಪಸ್ಸು ಬರುವುದು ಇದೇ ಕಾರಣಕ್ಕೆ. ಮೋಟಾರ್‌ವೇ ಮತ್ತು ದೊಡ್ಡ 'ಎ' ದರ್ಜೆಯ ರಸ್ತೆಗಳು ನ್ಯಾಷನಲ್ ಹೈವೇಸ್ ಎಂಬ ಸರ್ಕಾರಿ ಕಂಪನಿಯ ಕೈಯಲ್ಲಿವೆ. ಉದ್ದದ ಲೆಕ್ಕದಲ್ಲಿ ಅವು ಇಂಗ್ಲೆಂಡಿನ ರಸ್ತೆಗಳಲ್ಲಿ ನೂರಕ್ಕೆ ಎರಡರಷ್ಟು ಮಾತ್ರ. ಉಳಿದದ್ದೆಲ್ಲ ಸ್ಥಳೀಯ ಕೌನ್ಸಿಲ್‌ಗಳದ್ದು. ಕೌಂಟಿ ಕೌನ್ಸಿಲ್, ಡಿಸ್ಟ್ರಿಕ್ಟ್ ಕೌನ್ಸಿಲ್ ಎರಡೂ ಇರುವ ಕಡೆ ರಸ್ತೆ ಕೌಂಟಿಯದ್ದು, ಕಸದ ಬಿನ್ನು ಮತ್ತು ಗುಡಿಸುವ ಕೆಲಸ ಡಿಸ್ಟ್ರಿಕ್ಟ್‌ನದ್ದು. ಹೊಸ ಬಡಾವಣೆಯಲ್ಲಿ ಮನೆ ಕೊಳ್ಳುವವರಂತೂ ಒಂದು ವಿಷಯ ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಬಿಲ್ಡರ್ ಮಾಡಿದ ರಸ್ತೆಯನ್ನು ಕೌನ್ಸಿಲ್ ಅಧಿಕೃತವಾಗಿ ವಹಿಸಿಕೊಳ್ಳುವವರೆಗೆ, ಇಲ್ಲಿಯವರ ಮಾತಿನಲ್ಲಿ 'ಅಡಾಪ್ಟ್' ಆಗುವವರೆಗೆ, ಕೌನ್ಸಿಲ್‌ನ ಇನ್‌ಸ್ಪೆಕ್ಟರ್ ಅಲ್ಲಿಗೆ ಕಾಲಿಡುವುದಿಲ್ಲ. ಗುಂಡಿ ಬಿದ್ದರೂ ದೀಪ ಕೆಟ್ಟರೂ ಬಿಲ್ಡರ್ ಹತ್ತಿರ ಅಥವಾ ಬಡಾವಣೆಯ ಮ್ಯಾನೇಜ್‌ಮೆಂಟ್ ಕಂಪನಿಯ ಹತ್ತಿರವೇ ಹೋಗಬೇಕು. ಸಾರ್ವಜನಿಕ ಖರ್ಚಿನಲ್ಲಿ ನಿರ್ವಹಿಸುವ ಬೀದಿಗಳ ಪಟ್ಟಿಯನ್ನು ಪ್ರತಿ ಕೌನ್ಸಿಲ್ ಇಟ್ಟಿರಲೇಬೇಕು, ಯಾರು ಬೇಕಾದರೂ ನೋಡಬಹುದು. ಮನೆ ಖರೀದಿಯ ವಕೀಲರಾದ ಸಾಲಿಸಿಟರ್‌ಗೆ ದುಡ್ಡು ಕೊಡುವಾಗ ಈ ಪಟ್ಟಿಯಲ್ಲಿ ನಮ್ಮ ಬೀದಿ ಇದೆಯಾ ಎಂದು ಒಂದು ಮಾತು ಕೇಳಿ.

ಇನ್ನು ಈ ಸೇವೆ ಯಾಕೆ ಇದೆ ಎಂಬುದು. 1980ರ ಹೈವೇಸ್ ಆಕ್ಟ್‌ನ 41ನೇ ಸೆಕ್ಷನ್ ಪ್ರಕಾರ ರಸ್ತೆಯನ್ನು ಸುಸ್ಥಿತಿಯಲ್ಲಿ ಇಡುವುದು ಕೌನ್ಸಿಲ್‌ನ ಕಡ್ಡಾಯ ಕರ್ತವ್ಯ. ಮನಸ್ಸಿದ್ದರೆ ಮಾಡುವ ಉಪಕಾರವಲ್ಲ. ಒಂದು ಕಾಲದಲ್ಲಿ ರಿಪೇರಿ ಮಾಡಲು ಹೋಗಿ ಕೆಡಿಸಿದರೆ ಮಾತ್ರ ಕೌನ್ಸಿಲ್ ಪರಿಹಾರ ಕೊಡಬೇಕಿತ್ತು, ಏನೂ ಮಾಡದೆ ಕೈಕಟ್ಟಿ ಕೂತರೆ ಹೊಣೆಯೇ ಇರಲಿಲ್ಲ. ಆ ರಕ್ಷಣೆಯನ್ನು 1961ರ ಕಾಯ್ದೆ ಕಿತ್ತುಹಾಕಿತು. ಬದಲಿಗೆ ಬಂದ ವಾದಕ್ಕೆ ಈಗ 58ನೇ ಸೆಕ್ಷನ್ ಎನ್ನುತ್ತಾರೆ: ಪರಿಸ್ಥಿತಿಗೆ ತಕ್ಕ ಎಚ್ಚರ ವಹಿಸಿದ್ದೆವು ಎಂದು ಕೌನ್ಸಿಲ್ ತೋರಿಸಿದರೆ ಅಪಘಾತದ ಹೊಣೆಯಿಂದ ಪಾರಾಗಬಹುದು. ತೋರಿಸುವುದು ಹೇಗೆ? ಯಾವ ದಿನ ಯಾರು ಈ ರಸ್ತೆ ನೋಡಿದರು, ಏನು ಕಂಡಿತು, ಎಷ್ಟು ದಿನದಲ್ಲಿ ಸರಿಪಡಿಸಿದರು ಎಂಬ ದಾಖಲೆಯಿಂದ. ನ್ಯಾಯಾಲಯ ನೋಡುವ ಅಂಶಗಳಲ್ಲಿ ಒಂದು, ಆ ದೋಷ ಕೌನ್ಸಿಲ್‌ಗೆ ಗೊತ್ತಿತ್ತೇ, ಗೊತ್ತಾಗಬೇಕಿತ್ತೇ ಎಂಬುದು. ನಿಮ್ಮ ಒಂದು ದೂರು ಈ 'ಗೊತ್ತಿತ್ತು' ಎಂಬುದನ್ನು ತಾರೀಖಿನ ಸಮೇತ ಬರೆದಿಡುತ್ತದೆ. ಗುಂಡಿಯ ಪಕ್ಕದ ಮನೆಯವರೇ 'ಯಾರೋ ಹೇಳಿರುತ್ತಾರೆ ಬಿಡಿ' ಎಂದು ಸುಮ್ಮನಾದಾಗ ನನಗೆ ಬೇಜಾರಾಗುವುದು ಅದಕ್ಕೇ.

ತಪಾಸಣೆ ನೋಡಲು ಬಹಳ ಸಾದಾ ಕೆಲಸ. ಮೇಲೆ ಹಳದಿ ದೀಪ ಮಿನುಗುವ ವ್ಯಾನು ನಿಧಾನವಾಗಿ ಬರುತ್ತದೆ. ಒಬ್ಬರು ಓಡಿಸುತ್ತಾರೆ, ಪಕ್ಕದಲ್ಲಿ ಕೂತವರು ನೋಡುತ್ತಾರೆ, ಟ್ಯಾಬ್ಲೆಟ್‌ನಲ್ಲಿ ಒತ್ತುತ್ತಾರೆ, ಜಾಗ ಜಿಪಿಎಸ್‌ನಿಂದ ತಾನಾಗಿ ದಾಖಲಾಗುತ್ತದೆ. ಜನ ಹೆಚ್ಚು ಓಡಾಡುವ ಪೇಟೆಬೀದಿಯ ಫುಟ್‌ವೇಗಳನ್ನು ನಡೆದೇ ನೋಡುತ್ತಾರೆ. ಮುಖ್ಯ ರಸ್ತೆ ತಿಂಗಳಿಗೊಮ್ಮೆ, ಅದಕ್ಕಿಂತ ಚಿಕ್ಕದು ಮೂರು ತಿಂಗಳಿಗೊಮ್ಮೆ, ಬಡಾವಣೆಯ ಒಳರಸ್ತೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ. ಕೌನ್ಸಿಲ್‌ನಿಂದ ಕೌನ್ಸಿಲ್‌ಗೆ ಸ್ವಲ್ಪ ಬದಲಾಗುತ್ತದೆ. ನಮ್ಮಲ್ಲಿ ಈ ಸುತ್ತು ತಪ್ಪಿದ್ದನ್ನು ನಾನು ಕಂಡಿಲ್ಲ. ಇದಕ್ಕೆ ಪೂರ್ತಿ ಅಂಕ.

ಒಮ್ಮೆ ಪಾಠದ ನಡುವೆ ಗಾಡಿ ನಿಲ್ಲಿಸಿ ಬಿಡುವು ಕೊಟ್ಟಿದ್ದಾಗ ಎದುರಿಗೇ ಒಬ್ಬ ಇನ್‌ಸ್ಪೆಕ್ಟರ್ ಮಂಡಿಯೂರಿ ಕೂತು ಕೆಲಸ ಮಾಡುತ್ತಿದ್ದರು. ಗುಂಡಿಯ ಅಡ್ಡಕ್ಕೆ ಒಂದು ನೇರ ಪಟ್ಟಿ ಇಟ್ಟು, ಅದರಿಂದ ಕೆಳಕ್ಕೆ ಅಳತೆಕೋಲು ಇಳಿಸಿ, ಫೋಟೋ ತೆಗೆದರು. ಆಮೇಲೆ ಸ್ಪ್ರೇ ಡಬ್ಬಿ ಅಲ್ಲಾಡಿಸಿ ಸುತ್ತ ಬಿಳಿ ಚೌಕ ಎಳೆದರು. ಹತ್ತಿರ ಹೋಗಿ ಕೇಳಿದೆ, ಸಂತೋಷದಿಂದಲೇ ವಿವರಿಸಿದರು. "ಚೌಕದ ಒಳಗಿನದ್ದಕ್ಕೆ ಮಾತ್ರ ರಿಪೇರಿ ಗ್ಯಾಂಗ್‌ಗೆ ಆರ್ಡರ್ ಹೋಗುತ್ತದೆ. ಹೊರಗಿನದ್ದನ್ನು ಅವರು ಮುಟ್ಟುವ ಹಾಗಿಲ್ಲ" ಎಂದರು. ಪಕ್ಕದಲ್ಲೇ ಇದ್ದ ಇನ್ನೊಂದು ಚಿಕ್ಕ ಗುಂಡಿಯನ್ನು ಯಾಕೆ ಸೇರಿಸಲಿಲ್ಲ ಎಂದೆ. ಅಳತೆಕೋಲನ್ನು ಅದರೊಳಗೂ ಇಳಿಸಿ ನನಗೇ ತೋರಿಸಿದರು. ಮೂವತ್ತೂ ಇರಲಿಲ್ಲ. "ನಲವತ್ತು ಆಗಬೇಕು. ಮುಂದಿನ ಸಲ ಬರುವಷ್ಟರಲ್ಲಿ ಆಗಿರುತ್ತದೆ." ಈ ಮಾತು ಹೇಳುವಾಗ ಅವರಿಗೂ ಖುಷಿಯಿರಲಿಲ್ಲ. ಕಸುಬು ಬಲ್ಲವರು. ಈ ನಿಯಮವನ್ನು ಮಾಡಿದವರು ಅವರಲ್ಲ.

ಆ ನಲವತ್ತು ಎಂದರೆ 40 ಮಿಲಿಮೀಟರ್. ಬಹಳಷ್ಟು ಕೌನ್ಸಿಲ್‌ಗಳಲ್ಲಿ ವಾಹನ ಓಡುವ ಭಾಗದಲ್ಲಿ ಗುಂಡಿ ಇಷ್ಟು ಆಳವಾದರೆ ಮಾತ್ರ ಸುರಕ್ಷತಾ ದೋಷ. ನಡೆಯುವ ಹಾದಿಯಲ್ಲಿ ಎದ್ದ ಕಲ್ಲಿಗೆ 20 ಅಥವಾ 25 ಮಿಲಿಮೀಟರ್ ಸಾಕು. ಬಹಳ ಅಪಾಯದ್ದಾದರೆ ಎರಡು ಗಂಟೆಯಲ್ಲಿ ಅಥವಾ ಒಂದು ದಿನದೊಳಗೆ ಬರುತ್ತಾರೆ, ಕನಿಷ್ಠ ಪಕ್ಷ ಕೋನ್ ಇಡುತ್ತಾರೆ. ಅದಕ್ಕಿಂತ ಕೆಳಗಿನದ್ದು 7 ದಿನ, 28 ದಿನ ಎಂದು ಹೋಗುತ್ತದೆ. ಉಳಿದದ್ದು 'ಮುಂದಿನ ಯೋಜನೆ'.

ಇದರ ಜೊತೆಗೆ ಯಂತ್ರದ ತಪಾಸಣೆಯೂ ನಡೆಯುತ್ತದೆ. ಸ್ಕ್ಯಾನರ್ ಎಂಬ ಸರ್ವೆ ವಾಹನ ಲೇಸರ್ ಹಾಯಿಸಿ ರಸ್ತೆಯ ತಗ್ಗು, ಬಿರುಕು, ಮೇಲ್ಮೈಯ ಒರಟುತನ ದಾಖಲಿಸುತ್ತದೆ. ಸ್ಕ್ರಿಮ್ ಎಂಬುದು ಮುಂದೆ ನೀರು ಸುರಿಸಿಕೊಂಡು, 20 ಡಿಗ್ರಿ ಓರೆಯಾಗಿಟ್ಟ ಚಕ್ರವನ್ನು ಅದರ ಮೇಲೆ ಉರುಳಿಸಿ, ಒದ್ದೆ ರಸ್ತೆ ಎಷ್ಟು ಹಿಡಿತ ಕೊಡುತ್ತದೆ ಎಂದು ಅಳೆಯುತ್ತದೆ. ನನ್ನ ಕೆಲಸಕ್ಕೆ ಈ ಎರಡನೆಯದ್ದೇ ಹೆಚ್ಚು ಮುಖ್ಯ. ನಯವಾಗಿ ಹೊಳೆಯುವ ರಸ್ತೆ ಕಣ್ಣಿಗೆ ಚೆಂದ, ಒದ್ದೆಯಾದಾಗ ಬ್ರೇಕ್ ಒತ್ತಿದರೆ ಅದರ ನಿಜ ತಿಳಿಯುತ್ತದೆ. ಇಂಥ ಕಡೆ ಡಾಂಬರು ಸಿಂಪಡಿಸಿ ಸಣ್ಣ ಜಲ್ಲಿ ಹರಡುತ್ತಾರೆ. ನಮ್ಮ ಕಡೆ ಶಾಲೆಯ ಇಳಿಜಾರಿಗೆ ಹಾಗೆ ಮಾಡಿದ ಮೇಲೆ ಗಾಡಿ ನಿಲ್ಲುವ ರೀತಿಯೇ ಬದಲಾಯಿತು. ಗಂಟೆಗೆ 20 ಮೈಲಿಯ ತಾತ್ಕಾಲಿಕ ಬೋರ್ಡು ಇರುವವರೆಗೆ ದಯವಿಟ್ಟು ನಿಧಾನ ಹೋಗಿ. ಆ ಜಲ್ಲಿ ಕೂರುವುದು ನಿಮ್ಮ ಟೈರಿನ ಭಾರಕ್ಕೇ, ಜೋರಾಗಿ ಹೋದರೆ ಎದ್ದು ಹಿಂದಿನವರ ಗಾಜಿಗೆ ಬಡಿಯುತ್ತದೆ.

ಈಗ ತಕರಾರು. ನಮ್ಮ ಊರಾಚೆ ಒಂದು ಕಿರಿದಾದ ಎಡ ತಿರುವಿದೆ. ಅದರ ಒಳ ಅಂಚಿನಲ್ಲಿ ಉದ್ದಕ್ಕೆ ಹರಿದಂತೆ ಒಂದು ಗುಂಡಿ. ಆಳ ಹೆಚ್ಚಿಲ್ಲ, ಕಾರಿಗೆ ಅದು ಒಂದು ಸಣ್ಣ ಜರ್ಕ್ ಅಷ್ಟೆ. ಸೈಕಲ್‌ನವರಿಗೆ ಹಾಗಲ್ಲ. ಸೈಕಲ್ಲಿನ ತೆಳು ಟೈರು ಆ ಸೀಳಿನೊಳಗೆ ಇಳಿದರೆ ಹ್ಯಾಂಡಲ್ ತಿರುಗುವುದಿಲ್ಲ. ಹಾಗಾಗಿ ದಾರಿ ಬಲ್ಲವರೆಲ್ಲ ತಿರುವಿನಲ್ಲೇ ಬಲಕ್ಕೆ, ರಸ್ತೆಯ ನಡುವಿಗೆ ಬರುತ್ತಾರೆ. ಬೇಲಿ ಗಿಡ ದಟ್ಟವಾಗಿರುವುದರಿಂದ ಹಿಂದಿನಿಂದ ಬರುವ ಗಾಡಿಗೆ ಅವರು ಕಾಣುವುದು ತೀರಾ ಹತ್ತಿರ ಬಂದಾಗ. ಎದುರಿನಿಂದಲೂ ಗಾಡಿ ಬಂದರೆ ಜಾಗವೇ ಇಲ್ಲ. ಅಲ್ಲಿ ಕಲಿಯುವವರ ಪಕ್ಕ ಕೂತು ನಾನು ಎಷ್ಟೋ ಸಲ ಉಸಿರು ಬಿಗಿಹಿಡಿದಿದ್ದೇನೆ.

ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ನಕ್ಷೆಯ ಮೇಲೆ ಗುರುತು ಹಾಕಿ, ಫೋಟೋ ಸಮೇತ ದೂರು ಕೊಟ್ಟೆ. ಉತ್ತರ ಬೇಗನೆ ಬಂತು: ಪರಿಶೀಲಿಸಲಾಗಿದೆ, ಮಧ್ಯಪ್ರವೇಶದ ಮಟ್ಟ (ಅಂದರೆ ರಿಪೇರಿಗೆ ಬೇಕಾದ ಆಳ) ತಲುಪಿಲ್ಲ, ಪ್ರಕರಣ ಮುಕ್ತಾಯ. ಅಳತೆ ತಪ್ಪಿರಲಿಲ್ಲ. ಅಳೆದದ್ದು ಗುಂಡಿಯನ್ನು ಮಾತ್ರ, ಅಪಾಯವನ್ನಲ್ಲ. ಎರಡನೇ ಸಲ ಆಳದ ಮಾತನ್ನೇ ಎತ್ತದೆ ಬರೆದೆ. ಕುರುಡು ತಿರುವಿನ ಒಳ ಅಂಚು, ಗುಂಡಿ ತಪ್ಪಿಸಲು ಸೈಕಲ್‌ನವರು ನಡುರಸ್ತೆಗೆ ಬರುತ್ತಿದ್ದಾರೆ, ಇದು ಮಕ್ಕಳು ಶಾಲೆಗೆ ಹೋಗುವ ದಾರಿ, ಬೆಳಿಗ್ಗೆ ಎಂಟರಿಂದ ಒಂಬತ್ತರೊಳಗೆ ಬಂದು ಐದು ನಿಮಿಷ ನಿಂತು ನೋಡಿ ಎಂದೆ. ಈ ಸಲ ಒಬ್ಬ ಇನ್‌ಸ್ಪೆಕ್ಟರ್ ನಿಜವಾಗಿಯೂ ಆ ಹೊತ್ತಿಗೆ ಬಂದು ನಿಂತರು. ಅದೇ ಗುಂಡಿ, ಅದೇ ಆಳ, ಆದರೆ 7 ದಿನದ ಪಟ್ಟಿಗೆ ಹೋಯಿತು, ಹೇಳಿದ ಅವಧಿಯೊಳಗೆ ಮುಚ್ಚಿದರು. ಅಂದರೆ ಜಾಗ ನೋಡಿ ತೀರ್ಮಾನಿಸುವ ಅಧಿಕಾರ ಅವರಿಗೆ ಇದೆ. ಮೊದಲ ಸಲವೇ ಯಾಕೆ ಬಳಸಲಿಲ್ಲ ಎನ್ನುವುದೇ ನನ್ನ ಪ್ರಶ್ನೆ.

ಇದು ನನ್ನ ಸ್ವಂತ ಆಸೆಯೂ ಅಲ್ಲ. ಬ್ರಿಟನ್ನಿನ ರಸ್ತೆ ಅಧಿಕಾರಿಗಳ ಒಕ್ಕೂಟವಾದ ಯುಕೆ ರೋಡ್ಸ್ ಲಿಯೇಸನ್ ಗ್ರೂಪ್ 2016ರ ಅಕ್ಟೋಬರ್‌ನಲ್ಲಿ ಹೊಸ ಮಾರ್ಗಸೂಚಿ ತಂದು, ಅದಕ್ಕೆ ಹೊಂದಿಕೊಳ್ಳಲು ಕೌನ್ಸಿಲ್‌ಗಳಿಗೆ ಎರಡು ವರ್ಷ ಕೊಟ್ಟಿತು. ಅದರ ಜೀವಾಳವೇ ಇದು: ಎಲ್ಲ ಕಡೆಗೂ ಒಂದೇ ಅಳತೆ ಹಿಡಿಯಬೇಡಿ, ಅಪಘಾತ ಆಗುವ ಸಾಧ್ಯತೆ ಎಷ್ಟು, ಆದರೆ ಪೆಟ್ಟು ಎಷ್ಟು ಎಂಬ ಎರಡನ್ನೂ ಕೂಡಿಸಿ ನೋಡಿ, ನಡೆಯುವವರನ್ನೂ ಸೈಕಲ್‌ನವರನ್ನೂ ಲೆಕ್ಕಕ್ಕೆ ಹಿಡಿಯಿರಿ. ನಮ್ಮ ಕೌನ್ಸಿಲ್‌ನ ನೀತಿ ಪುಸ್ತಕವೂ ಮುನ್ನುಡಿಯಲ್ಲಿ ಇದನ್ನೇ ಹೇಳುತ್ತದೆ. ಕೆಲವು ಪುಟ ದಾಟಿದ ಮೇಲೆ 40 ಮಿಲಿಮೀಟರ್‌ನ ಕೋಷ್ಟಕ ಬರುತ್ತದೆ. ಟ್ಯಾಬ್ಲೆಟ್‌ನಲ್ಲಿ ತುಂಬಬೇಕಾದ ಖಾನೆ ಆ ಕೋಷ್ಟಕದ್ದು. ದಿನಕ್ಕೆ ಇಷ್ಟು ಮೈಲಿ ನೋಡಿ ಮುಗಿಸಬೇಕಾದ ಮನುಷ್ಯ ಖಾನೆಗೆ ಉತ್ತರ ಕೊಡುತ್ತಾನೆ, ಮುನ್ನುಡಿಗಲ್ಲ.

ಬಿಳಿ ಗೆರೆಗಳ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಗೆರೆ ಮಾಸಿದರೆ ಅಳೆಯಲು ಆಳವೇ ಇಲ್ಲವಲ್ಲ! ನಾನು ಪಾಠಕ್ಕೆ ಬಳಸುವ ಒಂದು ಜಂಕ್ಷನ್‌ನಲ್ಲಿ 'ಗಿವ್ ವೇ' (ದೊಡ್ಡ ರಸ್ತೆಯ ಗಾಡಿಗೆ ದಾರಿ ಬಿಡಿ) ಜೋಡಿ ಗೆರೆಗಳೂ ಅದರ ಹಿಂದಿನ ತಲೆಕೆಳಗಾದ ತ್ರಿಕೋನವೂ ಟೈರಿಗೆ ಉಜ್ಜಿ ಉಜ್ಜಿ ಅಳಿಸಿಹೋಗಿವೆ. ಹಗಲಲ್ಲಿ ಬೂದು ನೆರಳಿನಂತೆ ಕಾಣುತ್ತವೆ. ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲು, ಮೇಲೆ ಮಳೆ, ಎದುರಿನ ಗಾಡಿಯ ಬೆಳಕು. ಆಗ ಅದೂ ಇಲ್ಲ. ಒಳ್ಳೆಯ ಗೆರೆಯಲ್ಲಿ ಗಾಜಿನ ಸಣ್ಣ ಮಣಿಗಳಿರುತ್ತವೆ, ಹೆಡ್‌ಲೈಟ್ ಬೆಳಕನ್ನು ನಮ್ಮ ಕಣ್ಣಿಗೇ ವಾಪಸ್ ಕಳಿಸುವುದು ಅವೇ. ಗೆರೆ ಸವೆದರೆ ಮಣಿಯೂ ಹೋಯಿತು.

ಕರ್ನಾಟಕದಲ್ಲಿ ಚೆನ್ನಾಗಿ ಗಾಡಿ ಓಡಿಸಿ ಬಂದ ಒಬ್ಬ ಹುಡುಗಿ ಇಲ್ಲಿಯ ಪರೀಕ್ಷೆಗೆ ತಯಾರಾಗುತ್ತಿದ್ದಳು. ಸಂಜೆ ಪಾಠ. ಆ ಜಂಕ್ಷನ್ ಹತ್ತಿರವಾದಂತೆ, "ನಿಧಾನ ಮಾಡು, ಗೆರೆ ಹತ್ತಿರ ನಿಲ್ಲಿಸಿ ಬಲಕ್ಕೆ ನೋಡು" ಎಂದೆ.

"ಸರಿ ಅಕ್ಕಾ" ಎಂದವಳು ನಿಧಾನ ಮಾಡಿದಳು, ಆದರೆ ಗಾಡಿ ನಿಲ್ಲಲಿಲ್ಲ. "ಅಕ್ಕಾ, ಗೆರೆ ಎಲ್ಲಿದೆ?"

ಅಷ್ಟರಲ್ಲಿ ನಾನು ನನ್ನ ಕಡೆಯ ಬ್ರೇಕ್ ಒತ್ತಿದ್ದೆ. ಬಾನೆಟ್ ಆಗಲೇ ದೊಡ್ಡ ರಸ್ತೆಯೊಳಗೆ ಇಣುಕಿತ್ತು, ಬಲಗಡೆಯಿಂದ ಬಂದ ಲಾರಿ ಹಾರ್ನ್ ಹೊಡೆದುಕೊಂಡು ದಾಟಿತು. ಅವಳ ತಪ್ಪೇನೂ ಇರಲಿಲ್ಲ, ಅಲ್ಲಿ ಕಾಣಲು ಗೆರೆಯೇ ಇರಲಿಲ್ಲ. ಅವಳ ಕೈ ನಡುಗುವುದು ನಿಂತ ಮೇಲೆ ಅವಳನ್ನು ಮನೆಗೆ ಬಿಟ್ಟು, ಅದೇ ರಾತ್ರಿ ದೂರು ಬರೆದೆ. ದಾಖಲಾಗಿದೆ, ಪ್ರದೇಶವಾರು ಗೆರೆ ಬಳಿಯುವ ಕಾರ್ಯಕ್ರಮದಲ್ಲಿ ಸೇರಿಸಲಾಗುವುದು ಎಂದು ಉತ್ತರ ಬಂತು. ಒಂದು ಕಡೆಯ ಗೆರೆಗೆಂದು ಬಳಿಯುವ ಲಾರಿ ಕರೆಸಿದರೆ ಖರ್ಚು ಹೆಚ್ಚು, ಒಟ್ಟಿಗೆ ಮಾಡಿದರೆ ಕಮ್ಮಿ. ಅದು ನನಗೂ ಅರ್ಥವಾಗುತ್ತದೆ. ಪಾರ್ಕಿಂಗ್ ಗೆರೆಗೆ, ರಸ್ತೆ ನಡುವಿನ ಗೆರೆಗೆ ಕಾಯೋಣ. ಅಡ್ಡರಸ್ತೆಯ ಗಾಡಿ ನಿಲ್ಲಬೇಕಾದ ಗೆರೆಯನ್ನೂ ಅದೇ ಸಾಲಿನಲ್ಲಿ ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ.

ರಿಪೇರಿಯ ಗುಣಮಟ್ಟಕ್ಕೆ ಬರುತ್ತೇನೆ. ಇಲ್ಲಿ ಎರಡು ಬೇರೆ ಬೇರೆ ಸಂಸ್ಥೆಗಳ ಕೆಲಸವೇನೋ ಅನ್ನಿಸುವಷ್ಟು ವ್ಯತ್ಯಾಸವಿದೆ. ಚೆನ್ನಾಗಿ ಮಾಡುವ ತಂಡ ಮೊದಲು ಗುಂಡಿಯ ಸುತ್ತ ಗಟ್ಟಿ ಡಾಂಬರು ಸಿಗುವವರೆಗೆ ಗರಗಸದಿಂದ ನೇರ ಚೌಕವಾಗಿ ಕತ್ತರಿಸುತ್ತದೆ. ಒಳಗಿನದ್ದನ್ನು ಒಡೆದು ತೆಗೆದು, ಮಣ್ಣು, ನೀರು, ಸಡಿಲ ಕಲ್ಲು ಒಂದೂ ಉಳಿಯದಂತೆ ಗುಡಿಸುತ್ತದೆ. ಗೋಡೆಗೂ ತಳಕ್ಕೂ ಬಿಟುಮಿನ್ ಬಳಿಯುತ್ತದೆ. ಲಾರಿಯ ಬಿಸಿ ಪೆಟ್ಟಿಗೆಯಿಂದ ಹೊಗೆಯಾಡುವ ಆಸ್ಫಾಲ್ಟ್ ತಂದು, ರಸ್ತೆ ಮಟ್ಟಕ್ಕಿಂತ ಚೂರು ಎತ್ತರಕ್ಕೆ ಹರಡಿ, ಯಂತ್ರದಿಂದ ಬಡಿದು ಸಮ ಮಾಡುತ್ತದೆ. ಕೊನೆಗೆ ಹಳೆಯದೂ ಹೊಸದೂ ಕೂಡುವ ಗೆರೆಯ ಮೇಲೆ ಬಿಸಿ ಬಿಟುಮಿನ್ ಎಳೆದು ಮುಚ್ಚುತ್ತದೆ. ಈ ಕೊನೆಯ ಕೆಲಸವೇ ಮುಖ್ಯ, ಯಾಕೆಂದರೆ ರಸ್ತೆಯ ಶತ್ರು ನೀರು. ಬಿರುಕಿನಲ್ಲಿ ಇಳಿದ ನೀರು ಚಳಿಗೆ ಹೆಪ್ಪುಗಟ್ಟಿ ಹಿಗ್ಗುತ್ತದೆ, ಕರಗಿದಾಗ ಟೊಳ್ಳು ಬಿಟ್ಟು ಹೋಗುತ್ತದೆ, ಅದರ ಮೇಲೆ ಒಂದು ಲಾರಿ ಹಾದರೆ ಮೇಲಿನ ಪದರ ಕುಸಿಯುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಗುಂಡಿಗಳು ಅಣಬೆಯಂತೆ ಏಳುವುದು ಇದಕ್ಕೇ. ನಾಲ್ಕು ಬದಿಯೂ ಮುಚ್ಚಿದ ಇಂಥ ತೇಪೆಯೊಂದು ನನ್ನ ಮನೆಯ ಹತ್ತಿರವೇ ಇದೆ. ಅದರ ಮೇಲೆ ಗಾಡಿ ಹೋದರೆ ಕೂತವರಿಗೆ ಗೊತ್ತೂ ಆಗುವುದಿಲ್ಲ.

ಇನ್ನೊಂದು ಬಗೆಯೂ ಇದೆ. ಮಳೆ ಬರುತ್ತಿರುವಾಗಲೇ ಬಂದು, ಗುಂಡಿಯಲ್ಲಿ ನೀರು ನಿಂತಿರುವಾಗಲೇ ಸಲಿಕೆಯಿಂದ ತಣ್ಣನೆಯ ಮಿಶ್ರಣ ಸುರಿದು, ಸಲಿಕೆಯ ಬೆನ್ನಿನಿಂದಲೇ ತಟ್ಟಿ ಹೊರಡುವುದು. ತುರ್ತು ಅಪಾಯ ತಪ್ಪಿಸಲು ಇದೂ ಬೇಕು, ರಾತ್ರೋರಾತ್ರಿ ಗರಗಸ ಹಿಡಿದು ಕೂರಲಾಗುವುದಿಲ್ಲ. ಆದರೆ ತಾತ್ಕಾಲಿಕವಾಗಿ ಮುಚ್ಚಿದ್ದಕ್ಕೂ ಪಕ್ಕಾ ಮುಚ್ಚಿದ್ದಕ್ಕೂ ವೆಬ್‌ಸೈಟಿನಲ್ಲಿ ಒಂದೇ ಷರಾ: 'ರಿಪೇರಿ ಮುಗಿದಿದೆ'. ಕಿತ್ತು ಬಂದಾಗ ಅದು ಹೊಸ ದೂರು, ಹೊಸ ನಂಬರ್. ಹೀಗಾಗಿ ಒಂದೇ ಗುಂಡಿ ಪದೇಪದೇ ಬಾಯಿ ಬಿಟ್ಟರೂ ದಾಖಲೆಯಲ್ಲಿ ಕೌನ್ಸಿಲ್ ಪ್ರತಿ ಸಲವೂ ಗೆದ್ದಂತೆ ಕಾಣುತ್ತದೆ. ಇದನ್ನು ಸರಿಪಡಿಸಲು ಹೆಚ್ಚು ದುಡ್ಡು ಬೇಡ. ಹಳೆಯ ನಂಬರಿನಲ್ಲೇ ಮುಂದುವರಿಸಿದರೆ ಸಾಕು.

ಎಲ್ಲ ಗುಂಡಿಗೂ ಕೌನ್ಸಿಲ್ ಅನ್ನೇ ಹೊಣೆ ಮಾಡಬಾರದು ಎಂಬುದನ್ನೂ ಹೇಳಬೇಕು. ನೀರಿನವರು, ಗ್ಯಾಸಿನವರು, ಬ್ರಾಡ್‌ಬ್ಯಾಂಡಿನವರು ಅಗೆದು ಮುಚ್ಚಿದ ಪಟ್ಟಿಗೆ 1991ರ ಕಾಯ್ದೆಯ ಪ್ರಕಾರ ಅವರದ್ದೇ ಎರಡು ವರ್ಷದ ಖಾತ್ರಿ ಇರುತ್ತದೆ, ಆಳಕ್ಕೆ ಅಗೆದಿದ್ದರೆ ಮೂರು ವರ್ಷ. ಕುಸಿದ ಮ್ಯಾನ್‌ಹೋಲ್ ಮುಚ್ಚಳ ಯಾವ ಕಂಪನಿಯದ್ದೋ ಸರಿಮಾಡುವ ಹೊಣೆಯೂ ಅವರದ್ದೇ. ಕೌನ್ಸಿಲ್ ಪತ್ತೆ ಮಾಡಿ ಅವರಿಗೆ ತಾಕೀತು ಮಾಡುತ್ತದೆ, ನಮ್ಮವರು ಇದರಲ್ಲಿ ಚುರುಕು. ಸ್ಪೀಡ್ ಬೋರ್ಡನ್ನು ನುಂಗಿದ ಬೇಲಿ ಗಿಡ ಕತ್ತರಿಸಲು ಮನೆಯವರಿಗೆ ನೋಟಿಸ್ ಕೊಡುವುದರಲ್ಲೂ ಪರವಾಗಿಲ್ಲ. ಮಂಜುಗಡ್ಡೆ, ಹಿಮದ ವಿಷಯದಲ್ಲಿ ಹೈವೇಸ್ ಆಕ್ಟ್‌ಗೆ 2003ರಲ್ಲಿ ಬಂದ ತಿದ್ದುಪಡಿಯಿಂದ ಸಾಧ್ಯವಾದಷ್ಟು ಮಟ್ಟಿಗೆ ಸುರಕ್ಷಿತ ಸಂಚಾರ ಖಾತ್ರಿಪಡಿಸುವ ಕರ್ತವ್ಯ ಕಾಯ್ದೆಯಲ್ಲೇ ಇದೆ. ಮುಖ್ಯ ದಾರಿಗಳಿಗೆ ಉಪ್ಪು ಹಾಕುವುದರಲ್ಲಿ ನನಗೆ ದೂರೇ ಇಲ್ಲ. ಚರಂಡಿ ಜಾಲರಿ ಶುಚಿ ಮಾಡುವುದು ಮಾತ್ರ ಬಹಳ ಹಿಂದೆ ಬಿದ್ದಿದೆ. ನೀರು ಇಳಿಯದ ಕಡೆ ಎಷ್ಟು ಗುಂಡಿ ಮುಚ್ಚಿದರೂ ನಿಲ್ಲುವುದಿಲ್ಲ.

ದುಡ್ಡಿಲ್ಲ ಎಂಬ ಮಾತಿನಲ್ಲಿ ಸತ್ಯವಿದೆ. ಆಸ್ಫಾಲ್ಟ್ ಉದ್ಯಮದ ಒಕ್ಕೂಟ 2025ರಲ್ಲಿ ಮಾಡಿದ ಅಂದಾಜಿನಂತೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸ್ಥಳೀಯ ರಸ್ತೆಗಳ ಬಾಕಿ ಕೆಲಸಕ್ಕೇ 1,681 ಕೋಟಿ ಪೌಂಡ್ ಬೇಕು. ಡಾಂಬರು ಮಾರುವವರ ಲೆಕ್ಕ ಎಂದು ಸ್ವಲ್ಪ ತಗ್ಗಿಸಿಕೊಂಡರೂ ಸಣ್ಣ ಮೊತ್ತವಲ್ಲ. ಆದರೆ ದುಡ್ಡಿಲ್ಲ ಎಂಬುದು ನೋಡದೇ ಇರುವುದಕ್ಕೆ ನೆಪವಾಗದು. 2011ರಲ್ಲಿ ಯಾರ್ಕ್ ನಗರದ ಕೌನ್ಸಿಲ್ ವಿರುದ್ಧದ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ಇದನ್ನು ಸ್ಪಷ್ಟ ಮಾಡಿದೆ. ಸೈಕಲ್‌ನಿಂದ ಬಿದ್ದವರ ದಾವೆ ಅದು. ಮೂರು ತಿಂಗಳಿಗೊಮ್ಮೆ ನೋಡಬೇಕಾದ ರಸ್ತೆಯನ್ನು ಸಂಪನ್ಮೂಲ ಸಾಲದೆಂದು ವರ್ಷಕ್ಕೊಮ್ಮೆ ನೋಡುತ್ತಿದ್ದರು. 58ನೇ ಸೆಕ್ಷನ್‌ನ ರಕ್ಷಣೆ ಸಿಗಲಿಲ್ಲ.

ದೂರು ಕೊಡುವವರಿಗೆ ಅನುಭವದ ಮಾತು. ಕೌನ್ಸಿಲ್‌ನ ಸ್ವಂತ ನಕ್ಷೆ ಬಳಸಿ. ಯಾರ ರಸ್ತೆ ಎಂದು ಗೊತ್ತಿಲ್ಲದಿದ್ದರೆ ಮೈಸೊಸೈಟಿ ಎಂಬ ಸಂಸ್ಥೆ 2007ರಿಂದ ನಡೆಸುವ ಫಿಕ್ಸ್‌ಮೈಸ್ಟ್ರೀಟ್ ಒಳ್ಳೆಯದು, ಸರಿಯಾದ ಕೌನ್ಸಿಲ್‌ಗೆ ಅದೇ ತಲುಪಿಸುತ್ತದೆ. ನಡುರಸ್ತೆಗೆ ಇಳಿದು ಅಳೆಯಲು ಹೋಗಬೇಡಿ. ದೂರದಿಂದ ಒಂದು ಫೋಟೋ, ಅದರಲ್ಲಿ ತಿರುವೋ, ಜಂಕ್ಷನ್ನೋ, ಬಸ್ ನಿಲ್ದಾಣವೋ ಕಾಣಲಿ. 'ದೊಡ್ಡ ಗುಂಡಿ, ಬೇಗ ಮುಚ್ಚಿ' ಎಂದು ಬರೆದರೆ ಅಳತೆಕೋಲು ಬರುತ್ತದೆ. ಯಾರು ಅದನ್ನು ತಪ್ಪಿಸಲು ಎಲ್ಲಿಗೆ ಸರಿಯುತ್ತಿದ್ದಾರೆ, ಯಾವ ಹೊತ್ತಿನಲ್ಲಿ, ಎದುರಿನವರಿಗೆ ಅದು ಕಾಣುತ್ತದೆಯೇ ಎಂದು ಬರೆದರೆ ಮನುಷ್ಯರು ಬರುತ್ತಾರೆ. ಮೊದಲ ಉತ್ತರಕ್ಕೇ ಬಿಡಬೇಡಿ, ನಂಬರ್ ಉಳಿಸಿಕೊಂಡು ಅದನ್ನೇ ಉಲ್ಲೇಖಿಸಿ ಮತ್ತೆ ಬರೆಯಿರಿ.

ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಇನ್‌ಸ್ಪೆಕ್ಟರ್‌ಗಳಿಗೆ ಮಾತ್ರ ಕೊಡಿ ಎಂದರೆ ನಾಲ್ಕೂವರೆ. ಆ ಜಂಕ್ಷನ್‌ನ ಗೆರೆ ಇನ್ನೂ ಬಳಿದಿಲ್ಲ, ಬಳಿದ ದಿನ ಇಲ್ಲಿಗೆ ಬಂದು ನಾಲ್ಕು ಮಾಡುತ್ತೇನೆ. ಅಲ್ಲಿಯವರೆಗೆ ಕತ್ತಲಾದ ಮೇಲಿನ ಪಾಠಗಳನ್ನು ಸಿಗ್ನಲ್ ಇರುವ ರಸ್ತೆಯಿಂದಲೇ ತರುತ್ತಿದ್ದೇನೆ.